ನೂಲಿನ ದರ ಏರಿದರೆ ಲಾಭ ಎಷ್ಟು ದಿನ ನಿಲ್ಲುತ್ತದೆ? ರೀಲಿಂಗ್ ಘಟಕದಲ್ಲಿ ನನ್ನ ಅನುಭವ

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತೇನೆ. ಮೊದಲು ಕಾಟೇಜ್ ಬೇಸಿನ್ (ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಹಾಕಿ ನೂಲು ತೆಗೆಯುವ ಸಣ್ಣ ಯಂತ್ರ) ಇತ್ತು, ಈಗ ಮಲ್ಟಿಎಂಡ್, ಅಂದರೆ ಒಂದೇ ಬೇಸಿನ್‌ನಿಂದ ಹೆಚ್ಚು ಎಳೆ ತೆಗೆಯುವ ಸುಧಾರಿತ ಯಂತ್ರ. ಪೂರ್ಣ ಪೈಪೋಟಿ, ಅಂದರೆ ಯಾರೊಬ್ಬರೂ ತಾವಾಗಿ ದರ ಬದಲಿಸಲಾಗದ ಮಾರುಕಟ್ಟೆ ಅನ್ನೋದು ಬರೀ ಪುಸ್ತಕದ ಮಾತು ಎನ್ನುವವರಿಗೆ, ಒಂದು ಬೆಳಿಗ್ಗೆ ನಮ್ಮ ರೇಷ್ಮೆಗೂಡು ಮಾರುಕಟ್ಟೆಗೆ ಬನ್ನಿ ಎನ್ನುತ್ತೇನೆ. ರೈತರು ಜಾಲರಿಯಲ್ಲಿ ಗೂಡು ಸುರಿದಿರುತ್ತಾರೆ. ರೀಲರ್‌ಗಳು, ಅಂದರೆ ನನ್ನಂತೆ ನೂಲು ಬಿಚ್ಚುವವರು, ಲಾಟ್‌ನಿಂದ ಲಾಟ್‌ಗೆ ನಡೆಯುತ್ತಾ, ಗೂಡನ್ನು ಕೈಯಲ್ಲಿ ಅಲುಗಾಡಿಸಿ ನೋಡಿ, ಮೊಬೈಲ್‌ನಲ್ಲಿ ಬಿಡ್ ಹಾಕುತ್ತಿರುತ್ತಾರೆ. ನಾನು ಒಂದು ದಿನ ಹೋಗದಿದ್ದರೆ ದರ ಒಂದು ರೂಪಾಯಿಯೂ ಅಲುಗಾಡುವುದಿಲ್ಲ. ನೂಲು ಮಾರುವಾಗಲೂ ಅಷ್ಟೇ. ನನ್ನ ನೂಲಿಗೆ ಐವತ್ತು ರೂಪಾಯಿ ಜಾಸ್ತಿ ಕೇಳಿದರೆ ವ್ಯಾಪಾರಿ ಪಕ್ಕದ ಘಟಕದವರ ನೂಲು ತೆಗೆದುಕೊಳ್ಳುತ್ತಾನೆ.

ಹಾಗಾಗಿ ನನ್ನ ಕೈಯಲ್ಲಿರುವುದು ಒಂದೇ ತೀರ್ಮಾನ: ಇವತ್ತು ಎಷ್ಟು ಬೇಸಿನ್ ಓಡಿಸಬೇಕು?

ಇದಕ್ಕೆ ನಾನು ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಅಂಕಿಗಳು ಸುಮ್ನೆ ಅರ್ಥವಾಗಲಿ ಎಂದು ಇಟ್ಟುಕೊಂಡವು. ಮಿಶ್ರತಳಿ (ಎರಡು ಬಗೆಯ ಹುಳು ಬೆರೆಸಿದ ತಳಿ) ಗೂಡು ಕಿಲೋಗೆ 500 ರೂಪಾಯಿ ಎಂದುಕೊಳ್ಳಿ. ಒಂದು ಕಿಲೋ ನೂಲಿಗೆ 8 ಕಿಲೋ ಗೂಡು ಬೇಕಾದರೆ ಅದಕ್ಕೇ 4,000. ಕೂಲಿ, ಸೌದೆ, ಕರೆಂಟು ಸೇರಿ 450. ಪ್ಯೂಪಾ (ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳು) ಮತ್ತು ವೇಸ್ಟ್ ರೇಷ್ಮೆ ಮಾರಿ 150 ವಾಪಸ್ ಬರುತ್ತದೆ. ಅಲ್ಲಿಗೆ 4,300. ಇದರ ಮೇಲೆ ಬಾಡಿಗೆ, ಬ್ಯಾಂಕ್ ಕಂತು ಕಿಲೋಗೆ 150 ಬೀಳುತ್ತದೆ, ಒಟ್ಟು 4,450. ನೂಲಿನ ದರ 4,350 ಇದ್ದರೆ ಕಿಲೋಗೆ ನೂರು ರೂಪಾಯಿ ನಷ್ಟ. ಆದರೂ ನಾನು ಘಟಕ ಓಡಿಸುತ್ತೇನೆ. ಮುಚ್ಚಿದರೂ ಬಾಡಿಗೆ, ಕಂತು ಕಟ್ಟಲೇಬೇಕು, ಓಡಿಸಿದರೆ ಅದರಲ್ಲಿ 50 ರೂಪಾಯಿಯಾದರೂ ಹುಟ್ಟುತ್ತದೆ. ದರ 4,300ಕ್ಕಿಂತ ಕೆಳಗೆ ಇಳಿದರೆ ಮಾತ್ರ ಬೇಸಿನ್ ನಿಲ್ಲಿಸುವ ಯೋಚನೆ.

ಯೋಚನೆ ಎಂದೆ, ಯಾಕೆಂದರೆ ಆಗಲೂ ತಕ್ಷಣ ನಿಲ್ಲಿಸುವುದಿಲ್ಲ. ನಮ್ಮಲ್ಲಿ ನೂಲು ತೆಗೆಯುವ ಹೆಂಗಸರ ಕೈಚಳಕದ ಮೇಲೇ ನೂಲಿನ ಗುಣಮಟ್ಟ ನಿಂತಿದೆ. ವಾರಗಟ್ಟಲೆ ಕೆಲಸ ಇಲ್ಲದಿದ್ದರೆ ಅವರು ಬೇರೆ ಘಟಕಕ್ಕೋ ಗಾರ್ಮೆಂಟ್ಸ್‌ಗೋ ಹೋಗುತ್ತಾರೆ, ಹೋಗಲೇಬೇಕು, ಅವರ ಮನೆಯೂ ನಡೆಯಬೇಕಲ್ವಾ. ಮತ್ತೆ ಅಂಥವರನ್ನು ಹುಡುಕಿ, ಅಡ್ವಾನ್ಸ್ ಕೊಟ್ಟು ಕರೆತರುವ ಖರ್ಚು ದೊಡ್ಡದು. ಅದಕ್ಕೇ ಸ್ವಲ್ಪ ದಿನ ಅರ್ಧ ಬೇಸಿನ್ ಓಡಿಸುತ್ತೇನೆ.

ಈಗ ದರ ಏರಿದಾಗ ಏನಾಗುತ್ತದೆ ನೋಡಿ. ನೂಲು 4,800 ಆಯಿತು ಎನ್ನಿ. ಮೊದಲ ವಾರ ಒಳ್ಳೆಯ ಲಾಭ. ಆದರೆ ನಾನು ಪೂರ್ತಿ ಬೇಸಿನ್ ಓಡಿಸಿದ ಹಾಗೆ ಎಲ್ಲರೂ ಓಡಿಸುತ್ತಾರೆ, ಮುಚ್ಚಿದ್ದ ಘಟಕಗಳೂ ಬಾಗಿಲು ತೆಗೆಯುತ್ತವೆ, ಅದೇ ಗೂಡಿಗೆ ಎಲ್ಲರೂ ಬಿಡ್ ಹಾಕುತ್ತೇವೆ. ಹುಳು ಸಾಕಣೆಗೆ ಒಂದು ತಿಂಗಳ ಹತ್ತಿರ ಬೇಕು, ಹೊಸ ಹಿಪ್ಪುನೇರಳೆ ತೋಟ ಎಬ್ಬಿಸಲು ಇನ್ನೂ ತಿಂಗಳುಗಳು. ಗೂಡು ಅಷ್ಟೇ ಇದೆ, ಕೊಳ್ಳುವವರು ಜಾಸ್ತಿ. ಗೂಡಿನ ದರ 545ರ ಹತ್ತಿರ ಬಂದರೆ ಮೊದಲಿನ ಒಟ್ಟು ಖರ್ಚಿಗೆ ಇನ್ನೂ 360 ಸೇರಿ ಲಾಭ ಮುಗಿದೇ ಹೋಯಿತು. ದುಡ್ಡು ರೈತನಿಗೆ ಹೋಯಿತು. ಇದರಲ್ಲಿ ನನಗೆ ಬೇಸರವಿಲ್ಲ. ಅವನು ಚೆನ್ನಾಗಿದ್ದರೆ ಮುಂದಿನ ಬೆಳೆಗೂ ಹುಳು ಸಾಕುತ್ತಾನೆ, ನಮಗೂ ಗೂಡು ಸಿಗುತ್ತದೆ.

ಇಳಿಯುವಾಗಲೂ ಇದೇ ದಾರಿ, ಆದರೆ ನೋವು ಹೆಚ್ಚು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ನೂಲಿನ ಜೊತೆ ಗೂಡಿನ ದರವೂ ಕುಸಿಯಿತು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಆದರೆ ದರ ಕುಸಿದಾಗ ರೈತರು ಕಿತ್ತ ಹಿಪ್ಪುನೇರಳೆ ಮರುದಿನವೇ ಚಿಗುರುವುದಿಲ್ಲ. ಮಾರುಕಟ್ಟೆ ತಾನಾಗಿ ಸರಿಹೋಗುತ್ತದೆ ಎನ್ನುವವರು ಆ ನಡುವಿನ ಕಾಲವನ್ನು ಯಾರು ತಡೆದುಕೊಳ್ಳಬೇಕು ಎಂಬುದನ್ನೂ ಹೇಳಬೇಕು.

ಕೊನೆಗೆ ಉಳಿಯುವವರು ಯಾರು? ಖರ್ಚು ಕಡಿಮೆ ಇರುವವರು ಎನ್ನುವುದು ಸರಿ, ಆದರೆ ಎಲ್ಲರೂ ಒಂದೇ ಯಂತ್ರಕ್ಕೆ ಬರುತ್ತಾರೆ ಎಂದುಕೊಳ್ಳಬೇಡಿ. ಆಟೋಮ್ಯಾಟಿಕ್ ಯಂತ್ರದವರಿಗೆ ಒಳ್ಳೆಯ ದ್ವಿತಳಿ (ಉದ್ದ, ಒಂದೇ ಸಮನಾದ ಎಳೆ ಬರುವ ತಳಿ) ಗೂಡೇ ಬೇಕು. ಹಳೆಯ ಸರಳ ಸಾಧನವಾದ ಚರಕದಲ್ಲಿ ನೂಲು ತೆಗೆಯುವವರು ಕಲೆಯಾದ, ಕಳಪೆ ಲಾಟ್‌ಗಳನ್ನು ಅಗ್ಗಕ್ಕೆ ಹಿಡಿದು ದಪ್ಪ ನೂಲು ತೆಗೆಯುತ್ತಾರೆ. ಅವರ ಬಂಡವಾಳ ಕಡಿಮೆ, ನಿಲ್ಲಿಸುವುದೂ ಸುಲಭ. ನಾನು ಮಲ್ಟಿಎಂಡ್‌ಗೆ ಬಂದದ್ದು ದರ ಏರಿದ್ದಾಗ ಅಲ್ಲ, ಸಾಧಾರಣ ದರದಲ್ಲೂ ಕಂತು ಕಟ್ಟಬಹುದು ಎಂದು ಲೆಕ್ಕ ಸಿಕ್ಕಾಗ.

ಹೊಸದಾಗಿ ಘಟಕ ಹಾಕಲು ಹೊರಟವರು ನನ್ನನ್ನು ಇವತ್ತಿನ ನೂಲಿನ ದರ ಕೇಳುತ್ತಾರೆ. ಅದಕ್ಕಿಂತ ಮೊದಲು ಊರಿನಲ್ಲಿ ಎಷ್ಟು ಬೇಸಿನ್ ಸುಮ್ಮನೆ ನಿಂತಿವೆ ಎಂದು ಸುತ್ತಾಡಿ ನೋಡಿ. ಯಂತ್ರ, ಕಟ್ಟಡಕ್ಕೆ ಆ ಬೇಸಿನ್‌ಗಳ ಮಾಲೀಕರು ಆಗಲೇ ದುಡ್ಡು ಹಾಕಿಯಾಗಿದೆ, ದರ ಸ್ವಲ್ಪ ಎದ್ದರೆ ನಿಮ್ಮ ಯಂತ್ರ ಬಂದು ಇಳಿಯುವ ಮೊದಲೇ ಅವು ಓಡಲು ಶುರುವಾಗುತ್ತವೆ.