ಅರ್ಧ ಸ್ಕೂಪಿನಲ್ಲಿ 30 ಗ್ರಾಂ: ಶಿರಸಿಯಲ್ಲಿ ಚಾಕೊಲೇಟ್ ಓಟ್ಸ್ ಮಾಡಿದ ನನ್ನ ಅನುಭವ

ಓಟ್ಸ್, ಹಾಲು, ಚಿಯಾ, ಕೋಕೋ ಕಲಸಿ ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತಿನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಅರ್ಧ ಸ್ಕೂಪ್ (ಡಬ್ಬದ ಅಳತೆ ಚಮಚ) ವೇ ಪುಡಿಯಲ್ಲೇ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್ ಪುಡಿಯಲ್ಲೇ, ಒಂದು ಬಾಟಲಿಗೆ 30 ಗ್ರಾಂ ದಾಟುವ ಪ್ರೋಟೀನ್ ತುಂಬಿಸಿ, ಅದು ಔಷಧದ ರುಚಿ ಬಿಟ್ಟು ಸಿಹಿತಿಂಡಿಯ ರುಚಿಗೆ ಬರುವಂತೆ ಮಾಡಿದ್ದೇನೆ. ಬರೆಯುತ್ತಿರುವುದು ಅದರ ಬಗ್ಗೆ. ಆಗುವುದಿಲ್ಲ ಎಂದವರೇ ಹೆಚ್ಚು. ಜಿಮ್ ನಡೆಸುವ ಹುಡುಗ "ಅಕ್ಕಾ, ಲೆಕ್ಕ ಎಲ್ಲೋ ತಪ್ಪಿದೆ" ಎಂದು ನಕ್ಕಿದ್ದ. ಅತ್ತೆಯದು ಬೇರೆಯೇ ತಕರಾರು: "ಒಲೆ ಹಚ್ಚದೆ ಮಾಡಿದ ತಂಗಳನ್ನು ನೂರು ಚಿಲ್ಲರೆ ಕೊಟ್ಟು ಯಾರು ತಿನ್ನುತ್ತಾರೆ?" ಈಗ ದಿನಕ್ಕೆ ಇಪ್ಪತ್ತೈದರ ಆಸುಪಾಸು ಬಾಟಲಿ ಹೋಗುತ್ತವೆ. ಅದರಲ್ಲಿ ಐದಾರು ಆ ಜಿಮ್‌ಗೇ.

ಮೊದಲು ದುಡ್ಡಿನ ಮಾತು, ಏಕೆಂದರೆ ನಾನು ಸೋತದ್ದು ಅಲ್ಲೇ. ಆರಂಭದಲ್ಲಿ ಎಲ್ಲರಂತೆ ಪೂರ್ತಿ ಒಂದು ಸ್ಕೂಪ್ ಹಾಕುತ್ತಿದ್ದೆ. ವೇ ಪುಡಿ ಕಿಲೋಗೆ ಮೂರು ಸಾವಿರದ ಹತ್ತಿರ, ಸ್ಕೂಪ್ ಎಂದರೆ ಮೂವತ್ತು ಗ್ರಾಂ ಚಿಲ್ಲರೆ, ಅಂದರೆ ಪುಡಿಯೊಂದೇ 90ರಿಂದ 100 ರೂಪಾಯಿ ತಿನ್ನುತ್ತಿತ್ತು. ಉಳಿದದ್ದು ಸೇರಿ ಬಾಟಲಿಗೆ 140 ಬೀಳುತ್ತಿತ್ತು, ಮಾರುತ್ತಿದ್ದದ್ದು 120ಕ್ಕೆ. ಗಿರಾಕಿ ಹಿಡಿಯಲು ಒಂದೆರಡು ತಿಂಗಳು ಹೀಗೆ ಕೈಯಿಂದ ಹಾಕಬೇಕು ಎಂದು ಮನೆಯವರಿಗೆ ಸಮಾಧಾನ ಹೇಳುತ್ತಿದ್ದೆ. ಬೆಲೆ ಏರಿಸೋಣವೆಂದರೆ ಇದು ಬೆಂಗಳೂರಲ್ಲ. ಪೇಟೆಯಲ್ಲಿ ಮಸಾಲೆ ದೋಸೆಯ ಜೊತೆ ಒಂದು ಕಾಫಿ ಕುಡಿದು ಬಂದರೂ ನೂರರೊಳಗೆ ಮುಗಿಯುತ್ತದೆ.

ಅಗ್ಗದ ದಾರಿ ಎಂದು ಬಟಾಣಿಯ ಪ್ರೋಟೀನ್ ಪುಡಿ ತರಿಸಿದೆ. ನೆನೆದ ಮೇಲೂ ನಾಲಿಗೆಗೆ ಮರಳು ಮರಳು. ಪುಟಾಣಿ (ಹುರಿಗಡಲೆ) ಹಿಟ್ಟು ಹಾಕಿದೆ, ಕೋಕೋದ ಜೊತೆ ಸೇರಿ ಚಟ್ನಿಪುಡಿಯ ವಾಸನೆ ಬಂತು. ಶೇಂಗಾ ಪುಡಿ ರುಚಿಗೆ ಒಳ್ಳೆಯದೇ, ಆದರೆ ಎಣ್ಣೆಯಂಶ ಹೆಚ್ಚು, ತಿಂದವರು ಹೊಟ್ಟೆ ಭಾರ ಎಂದರು.

ದಾರಿ ಸಿಕ್ಕಿದ್ದು ಕೆನೆ ತೆಗೆದ ಹಾಲಿನ ಪುಡಿಯಲ್ಲಿ. ನೂರು ಗ್ರಾಂಗೆ 35 ಗ್ರಾಂ ಪ್ರೋಟೀನ್ ಇರುವ ವಸ್ತು ಕಿಲೋಗೆ 400ರ ಸುತ್ತ ಸಿಗುತ್ತದೆ. ಒಂದು ಗ್ರಾಂ ಪ್ರೋಟೀನಿಗೆ ವೇ ಪುಡಿಯಲ್ಲಿ ನಾಲ್ಕು ರೂಪಾಯಿ ಕೊಟ್ಟರೆ ಇದರಲ್ಲಿ ಒಂದು ರೂಪಾಯಿ ಚಿಲ್ಲರೆ. ಹಾಗೆಂದು ಸುರಿಯಬೇಡಿ. ಬಾಟಲಿಗೆ 20 ಗ್ರಾಂ ದಾಟಿದರೆ ಹಾಲುಪುಡಿಯ ವಾಸನೆ ಮೇಲೆದ್ದು ಬರುತ್ತದೆ, ಮುದ್ದೆ ಅಂಟಾಗುತ್ತದೆ. ನಾನು 15ಕ್ಕೆ ನಿಲ್ಲಿಸುತ್ತೇನೆ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹೆಚ್ಚಾದುದರಿಂದ ಇಬ್ಬರು ಮೂವರಿಗೆ ಹೊಟ್ಟೆಯುಬ್ಬರ ಆದದ್ದೂ ಉಂಟು. ಹಾಲು ಆಗದವರಿಗೆ ನಾನು ಮಾರುವುದೇ ಇಲ್ಲ.

ಇನ್ನೊಂದು ಆಧಾರ ಚಕ್ಕಾ, ಶ್ರೀಖಂಡಕ್ಕೆ ಕಟ್ಟುತ್ತೇವಲ್ಲ, ಅದೇ. ಲೀಟರ್ ಹಾಲಿಗೆ ಹೆಪ್ಪು ಹಾಕಿ, ಹತ್ತಿಯ ಪಂಚೆ ತುಂಡಿನಲ್ಲಿ ಕಟ್ಟಿ, ಫ್ರಿಜ್‌ನೊಳಗೇ ನೇತು ಹಾಕಿದರೆ ಬೆಳಗಾಗುವಷ್ಟರಲ್ಲಿ 400 ಗ್ರಾಂ ಹತ್ತಿರ ಸಿಗುತ್ತದೆ. ಹೊರಗೆ ಕಟ್ಟಿದರೆ ನಮ್ಮ ಮಳೆಗಾಲದಲ್ಲೂ ಹುಳಿ ಏರಿ ಕೋಕೋದ ಕಹಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇಳಿದ ನೀರನ್ನು ಅತ್ತೆ ತಂಬುಳಿಗೆ ಬಳಸುತ್ತಾರೆ, ನಾನು ಚಪಾತಿ ಹಿಟ್ಟಿಗೆ.

ಒಂದು ಬಾಟಲಿಯ ಲೆಕ್ಕ ನೆನಪಿನಿಂದ ಹೇಳುವುದಾದರೆ: ಓಟ್ಸ್ 40 ಗ್ರಾಂ, ಅದರಿಂದ ಐದು ಗ್ರಾಂ ಪ್ರೋಟೀನ್. ಹಾಲು ಅರ್ಧ ಲೋಟಕ್ಕಿಂತ ಸ್ವಲ್ಪ ಜಾಸ್ತಿ, ನಾಲ್ಕು. ಚಕ್ಕಾ 80 ಗ್ರಾಂ, ಆರು. ಹಾಲಿನ ಪುಡಿ, ಐದು. ಅರ್ಧ ಸ್ಕೂಪ್ ವೇ, ಹನ್ನೊಂದು ಹನ್ನೆರಡು. ಕೋಕೋ ಮತ್ತು ಚಿಯಾ ಸೇರಿ ಮೂರು. ಮೂವತ್ನಾಲ್ಕರ ಆಚೀಚೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸಿನ ಪ್ರಕಾರ ದೇಹತೂಕದ ಕಿಲೋಗೆ 0.83 ಗ್ರಾಂ ಎಂದು ಹಿಡಿದರೆ 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಅರ್ಧಕ್ಕಿಂತ ಹೆಚ್ಚು ಬೆಳಗಿನ ತಿಂಡಿಯಲ್ಲೇ ಮುಗಿಯಿತು. ಜಿಮ್ ಹುಡುಗನಿಗೆ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಟ್ಟ ಮೇಲೆ ಅವನು ನಗುವುದನ್ನು ನಿಲ್ಲಿಸಿದ.

ಇನ್ನು ಕಲಸುವ ಕ್ರಮ. ಕೆಲಸವೆಲ್ಲ ಇರುವುದು ಇದರಲ್ಲೇ. ಕೋಕೋ ಪುಡಿಯನ್ನು ತಣ್ಣನೆಯ ಹಾಲಿಗೆ ಹಾಕಿದರೆ ತೇಲುತ್ತದೆ, ಬೆಳಿಗ್ಗೆ ಕಂದು ಚುಕ್ಕೆಗಳು ಕಾಣುತ್ತವೆ. ಕುದಿಯುವ ನೀರು ಎರಡು ಚಮಚ ಹೊಯ್ದು, ಚಿಟಿಕೆ ಉಪ್ಪು ಹಾಕಿ, ಹೊಳೆಯುವ ತನಕ ತಿಕ್ಕಿ ಲೇಹ್ಯ ಮಾಡಬೇಕು. ಆ ಹೊತ್ತಿಗೆ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಪರಿಮಳ ಏಳದಿದ್ದರೆ ನೀರು ಸಾಕಷ್ಟು ಬಿಸಿ ಇರಲಿಲ್ಲ ಎಂದರ್ಥ. ಇದಕ್ಕೆ ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಸೇರಿಸಿ ಪೂರ್ತಿ ತಣಿಯಲು ಬಿಡಬೇಕು. ಬಿಸಿ ಇರುವಾಗ ವೇ ಪುಡಿ ಬಿದ್ದರೆ ಬೆಂದು ರಬ್ಬರಿನ ಚೂರುಗಳಾಗುತ್ತದೆ. ಆಮೇಲೆ ಏನು ಕಡೆದರೂ ಕರಗುವುದಿಲ್ಲ, ಒಂದು ಬೋಗುಣಿ ತುಂಬ ಹಾಗೆ ದನಕ್ಕೆ ಹೋಗಿದೆ.

ವೇ ಪುಡಿಯನ್ನು ಹಾಲಿಗೆ ಹಾಕುವುದು ನನ್ನ ಪದ್ಧತಿಯಲ್ಲಿ ಇಲ್ಲ. ಅದನ್ನು ಚಕ್ಕಾಕ್ಕೆ ಹಾಕಿ ಚಮಚದ ಬೆನ್ನಿನಿಂದ ಬೋಗುಣಿಯ ಗೋಡೆಗೆ ಒತ್ತಿ ಒತ್ತಿ ಬೆರೆಸುತ್ತೇನೆ. ಗಟ್ಟಿಯಲ್ಲಿ ಗಂಟು ಒಡೆಯುತ್ತದೆ, ತೆಳುವಿನಲ್ಲಿ ಜಾರಿಕೊಳ್ಳುತ್ತದೆ. ನುಣ್ಣಗಾದ ಮೇಲೆ ಹಾಲಿನ ಪುಡಿ, ಕೋಕೋ ಲೇಹ್ಯ, ಕೊನೆಗೆ ಸ್ವಲ್ಪ ಸ್ವಲ್ಪವೇ ಹಾಲು. ಓಟ್ಸ್ ಅನ್ನು ಮೊದಲೇ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದಿಟ್ಟಿರಬೇಕು, ಆ ಹಸಿ ಕಾಗದದ ರುಚಿ ಹೋಗಲು ಬೇರೆ ಉಪಾಯವಿಲ್ಲ. ಅತ್ತೆಗೂ ಇದರಿಂದ ಸಮಾಧಾನ, ಒಲೆ ಹಚ್ಚಿದಂತಾಯಿತಲ್ಲ. ಕೊನೆಯಲ್ಲಿ ನಮ್ಮ ತೋಟದ್ದೇ ಒಂದು ವಸ್ತು ಚಿಟಿಕೆಯಷ್ಟು ಬೀಳುತ್ತದೆ. ಅದು ಏಲಕ್ಕಿಯಲ್ಲ, ವೆನಿಲ್ಲಾವೂ ಅಲ್ಲ. ಅಷ್ಟು ಹೇಳಿದ್ದು ಸಾಕು.

ಬಾಟಲಿಯ ಮೇಲೆ ಚಮಚ ತಾಗಿದರೆ ಟಪ್ಪೆಂದು ಒಡೆಯುವ ಚಾಕೊಲೇಟ್ ಪದರವೊಂದಿದೆ. ಗಿರಾಕಿಗಳು ಮತ್ತೆ ಬರುವುದೇ ಅದಕ್ಕಾಗಿ. ಅದು ಹುಟ್ಟಿದ್ದು ಕೆಟ್ಟುಹೋದ ಪ್ರಯೋಗವೊಂದರಿಂದ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುಮಾಡಿತಲ್ಲ, ಅಂಥ ಕಾಲದ ಹುರುಪಿನಲ್ಲಿ ಅಡಿಕೆಯ ನಡುವೆ ನೆಟ್ಟ ಕೋಕೋ ಮರಗಳು ನಮ್ಮ ತೋಟದಲ್ಲಿ ಇನ್ನೂ ನಾಲ್ಕೈದು ಉಳಿದಿವೆ. 2024ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕೋಕೋ ದರ ದಾಖಲೆ ಮಟ್ಟಕ್ಕೆ ಏರಿ ಅಂಗಡಿಯ ಪುಡಿಯೂ ಕೈ ಸುಡತೊಡಗಿದಾಗ, ಮನೆಯ ಬೀಜದಿಂದಲೇ ಮಾಡೋಣವೆಂದು ಹೊರಟೆ. ಬಾಳೆಲೆ ಮುಚ್ಚಿ ಆರೇಳು ದಿನ ಕೊಳೆಸಿ, ಅಂಗಳದಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಬೀಸಿದರೆ ಪುಡಿ ಬರಲಿಲ್ಲ, ಕೆಸರಿನಂಥ ಮುದ್ದೆ ಬಂತು. ಬೀಜದ ಅರ್ಧ ಭಾಗ ಕೊಬ್ಬು, ಕಾರ್ಖಾನೆಯವರು ಅದನ್ನು ಹಿಂಡಿ ತೆಗೆದೇ ಪುಡಿ ಮಾಡುವುದು. ಈ ಮುದ್ದೆಯನ್ನು ಓಟ್ಸ್‌ಗೆ ಕಲಸಿದರೆ ಫ್ರಿಜ್‌ನಲ್ಲಿ ಕೊಬ್ಬು ಗಟ್ಟಿಯಾಗಿ ಹರಳು ಹರಳಾಗುತ್ತಿತ್ತು. ಬೇಸತ್ತು ಅದನ್ನು ತೆಂಗಿನೆಣ್ಣೆಯ ಜೊತೆ ಕರಗಿಸಿ ತಣ್ಣಗಾದ ಬಾಟಲಿಯ ಮೇಲೆ ತೆಳ್ಳಗೆ ಹೊಯ್ದೆ. ನಿಮಿಷದೊಳಗೆ ಗಾಜಿನಂತೆ ನಿಂತಿತು. ಎಣ್ಣೆ ಹೆಚ್ಚಾದರೆ ಪದರ ಒಡೆಯುವುದಿಲ್ಲ, ಬಾಗುತ್ತದೆ. ಪ್ರಮಾಣವನ್ನು ನೀವೇ ಹುಡುಕಿಕೊಳ್ಳಿ, ನನಗೂ ಬೀಜ ದಂಡವಾಗಿಯೇ ಸಿಕ್ಕಿದ್ದು.

ಬನವಾಸಿ ಕಡೆಯ ಅನಾನಸ್ ಅಗ್ಗವಾಗಿದ್ದಾಗ ಹೋಳು ಮಾಡಿ ನಡುವೆ ಇಟ್ಟಿದ್ದೆ. ಬೆಳಿಗ್ಗೆ ನೀರು ನೀರು, ಜೊತೆಗೆ ಹಾಗಲಕಾಯಿಯ ಕಹಿ. ಹಸಿ ಅನಾನಸ್‌ನಲ್ಲಿರುವ ಬ್ರೋಮಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನೇ ಕಡಿದುಹಾಕುತ್ತದೆ. ಗೊಜ್ಜಿಗೆ ಬೇಯಿಸುವಂತೆ ಒಂದು ಕುದಿ ಬರಿಸಿ ಹಾಕಿದರೆ ತೊಂದರೆಯಿಲ್ಲ, ಆದರೆ ಚಾಕೊಲೇಟ್‌ಗೆ ಅದು ಒಗ್ಗಲಿಲ್ಲ, ಬಿಟ್ಟೆ. ಒಗ್ಗಿದ್ದು ಮುರುಗಲು (ಕೋಕಂ). ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಚೆರ್ರಿ ಹಾಕುವ ಜಾಗದಲ್ಲಿ, ಜೋನಿಬೆಲ್ಲದಲ್ಲಿ ಕುದಿಸಿದ ಮುರುಗಲ ಸಿಪ್ಪೆಯ ಪಾಕ. ಇದು ತಾಗಿದರೆ ಹಾಲು ಒಡೆದುಬಿಡುತ್ತದೆ, ಆದುದರಿಂದ ಎರಡು ಪದರ ಚಕ್ಕಾದ ನಡುವೆ ಇಡುತ್ತೇನೆ. ಮೊದಲೇ ಒಡೆದ ಹಾಲಿಗೆ ಇನ್ನೇನು ಭಯ? ಏಪ್ರಿಲ್, ಮೇ ತಿಂಗಳಲ್ಲಿ ಇದರ ಬಾಟಲಿಗೆ 20 ರೂಪಾಯಿ ಹೆಚ್ಚು ಕೇಳಿದರೂ ಯಾರೂ ಚೌಕಾಸಿ ಮಾಡಿಲ್ಲ.

ಮಳೆಗಾಲವೇ ದೊಡ್ಡ ಪರೀಕ್ಷೆ. ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ಹತ್ತು ಹನ್ನೆರಡು ತಾಸು ಕರೆಂಟ್ ಇಲ್ಲ. ಒಂದು ರಾತ್ರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೆಲೆಯ ಮಾಲು ತಿಪ್ಪೆಗೆ ಸುರಿದಿದ್ದೇನೆ, ಬಾಳೆಹಣ್ಣು ಸೇರಿಸಿದ್ದ ಬಾಟಲಿಗಳು ಮುಚ್ಚಳ ತೆಗೆದರೆ ಬುಸ್ಸೆನ್ನುತ್ತಿದ್ದವು. ಅಂದಿನಿಂದ ಬಾಳೆಹಣ್ಣು ಬೆಳಿಗ್ಗೆಯೇ. ಜೊತೆಗೆ ಕುಮಟಾದಿಂದ ಮೀನಿನವರು ಬಳಸುವ ಥರ್ಮಾಕೋಲ್ ಪೆಟ್ಟಿಗೆ ಎರಡು ತರಿಸಿ, ಅಗಲ ಡಬ್ಬಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ಸುತ್ತ ಜೋಡಿಸುತ್ತೇನೆ. ಪೆಟ್ಟಿಗೆ ಹೊಸದು, ಮೀನಿನ ಮುಖ ಕಂಡಿಲ್ಲ ಎಂದು ಅತ್ತೆಯ ಮುಂದೆ ದೇವರಾಣೆ ಮಾಡಿದ ಮೇಲೆಯೇ ಅದು ಅಡುಗೆಮನೆಯ ಹೊಸ್ತಿಲು ದಾಟಿದ್ದು.

ಈಗ ಬಾಟಲಿಗೆ ಖರ್ಚು 95ರ ಹತ್ತಿರ, ಅದರಲ್ಲಿ ವೇ ಒಂದೇ 45. ಮಾರುವುದು 140ಕ್ಕೆ, ಗಾಜಿನ ಬಾಟಲಿಗೆ 30 ಠೇವಣಿ ಬೇರೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸದೆ ಮಾರಲು ಇಳಿಯಬೇಡಿ. ಕುಮಟಾದಿಂದಲೂ ಕೇಳುತ್ತಿದ್ದಾರೆ. ಬೆಳಗಿನ ಬಸ್ಸಿಗೆ ಪೆಟ್ಟಿಗೆ ಹಾಕಿ ನೋಡಿದೆ, ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಮೇಲಿನ ಪದರವೆಲ್ಲ ಚೂರು. ಅವರಿಗೆ ಪದರವಿಲ್ಲದೆ, ಬರೀ ಕೋಕೋ ಪುಡಿ ಉದುರಿಸಿ, ಹತ್ತು ರೂಪಾಯಿ ಕಡಿಮೆಗೆ ಕಳುಹಿಸುತ್ತಿದ್ದೇನೆ. ಖಾಲಿ ಬಾಟಲಿ ಹಿಂದಿರುಗಿ ಬರುವುದು ಮಾತ್ರ ನಿಧಾನ, ಆದ್ದರಿಂದ ಘಟ್ಟದ ಕೆಳಗಿನವರಿಗೆ ಠೇವಣಿ 50 ಮಾಡಿದ್ದೇನೆ.