ಮರೆವನ್ನು ಬೇಗ ಗುರುತಿಸಲು ಅಜ್ಜಿಯ ಫೋನಿನಲ್ಲೊಂದು ಸಂತೆ

ವಯಸ್ಸಾದವರ ಮರೆವನ್ನು ಬೇಗ ಗುರುತಿಸೋ ಆಟ ಮಾಡಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಇದನ್ನು ಬಗೆಹರಿಸಿಕೊಳ್ಳಿ: ನೀವು ಅಳೆಯುತ್ತಿರುವುದು ನೆನಪನ್ನೋ, ಫೋನ್ ಬಳಸಿದ ಅಭ್ಯಾಸವನ್ನೋ?

ನನ್ನ ಮೊದಲ ಮಾದರಿಯನ್ನು ಅತ್ತೆಯ ಕೈಗೆ ಕೊಟ್ಟಿದ್ದೆ. ಅವರು ಕಾಲಿಂಗ್ ಬೆಲ್ ಒತ್ತಿದ ಹಾಗೆ ತೆರೆಯನ್ನು ಒತ್ತಿ ಹಿಡಿಯುತ್ತಾರೆ, ಬೆರಳು ಬೇಗ ಎತ್ತುವುದಿಲ್ಲ. ಆಟ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ನೋಡಿದರೆ ‘ಉತ್ತರವಿಲ್ಲ’ ಅಂತ ಒಂಬತ್ತು ಸಲ ದಾಖಲಾಗಿತ್ತು, ಅವರು ಮಾತ್ರ ಅಷ್ಟೂ ಹೊತ್ತು ಪಕ್ಕದಲ್ಲಿ ಕೂತು ಸರಿ ಉತ್ತರವನ್ನೇ ಬಾಯಲ್ಲಿ ಹೇಳುತ್ತಿದ್ದರು. ಈಗ ಶುರುವಿನಲ್ಲೇ ಒಂದು ನಿಮಿಷ ಬರೀ ಹೂವು ಮುಟ್ಟುವ ಕೆಲಸ ಇಡುತ್ತೇನೆ. ಅದರಲ್ಲಿ ಬೆರಳಿನ ವೇಗ ಗೊತ್ತಾಗುತ್ತದೆ, ಮುಂದೆ ಯೋಚನೆಗೆ ಹಿಡಿದ ಸಮಯ ಲೆಕ್ಕ ಹಾಕುವಾಗ ಅದನ್ನು ಕಳೆಯಬಹುದು. ಒತ್ತಿ ಹಿಡಿದರೂ ಮುಟ್ಟಿದಂತೆಯೇ ಎಣಿಸಿ. ಬಟನ್ ದೊಡ್ಡದಿರಲಿ.

ಆಟದ ತಿರುಳು ಸಂತೆ. ನೆನಪು, ಯೋಚನೆ ಹೇಗಿದೆ ಎಂದು ನೋಡಲು ಆಸ್ಪತ್ರೆಗಳಲ್ಲಿ ಬಳಸುವ ಮೋಕಾ ಪರೀಕ್ಷೆಯಲ್ಲಿ ಐದು ಪದ ಹೇಳಿ, ಸುಮಾರು ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತಾರೆ. ಆದರೆ ಅದರಲ್ಲೇ ಗಡಿಯಾರ ಬಿಡಿಸುವುದು, ಘನಾಕೃತಿ ನಕಲು ಮಾಡುವುದೂ ಇದೆ. ಶಾಲೆಗೇ ಹೋಗದವರಿಗೆ ಅದು ಕಷ್ಟ ಅಲ್ವಾ? ಹಾಗಾಗಿ ಓದು ಬರಹ ಬೇಡದ ಹಾಗೆ, ಸಂತೆಯಿಂದ ತರಬೇಕಾದ ಸಾಮಾನಿನ ಪಟ್ಟಿಯನ್ನು ದನಿಯಲ್ಲೇ ಕೊಡಿ: ಬದನೆಕಾಯಿ, ಬೆಲ್ಲ, ಪೊರಕೆ, ಬಳೆ, ಮಲ್ಲಿಗೆ. ಒಂದೊಂದೂ ಬೇರೆ ಬೇರೆ ಜಾತಿಯ ಸಾಮಾನಾಗಿರಬೇಕು, ಯಾಕೆಂದರೆ ಆಮೇಲೆ ಸುಳಿವು ಕೊಡುವುದಿದೆ. ಐದು ನಿಮಿಷ ಬೇರೆ ಕೆಲಸ ಮಾಡಿಸಿ, ಆಮೇಲೆ ‘ಏನೇನು ತರಬೇಕಿತ್ತು?’ ಅಂತ ಕೇಳಿ. ನೆನಪಾಗದಿದ್ದರೆ ‘ಒಂದು ತರಕಾರಿ ಇತ್ತಲ್ಲ?’ ಅನ್ನಿ. ಸುಳಿವು ಕೊಟ್ಟಾಗ ಹೊಳೆದರೆ ನೆನಪು ಒಳಗಿದೆ, ಎತ್ತುವುದಷ್ಟೇ ಕಷ್ಟವಾಗಿದೆ. ಸುಳಿವಿಗೂ ಬರಲಿಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಖಂಡಿತ ಇತ್ತು ಅನ್ನುತ್ತಾರೆ ಅಂದರೆ ನೆನಪು ಒಳಗೆ ಉಳಿದೇ ಇಲ್ಲದಿರಬಹುದು. ಮರೆವಿನ ಕಾಯಿಲೆಯಾದ ಆಲ್ಝೈಮರ್‌ನ ಶುರುವಿನಲ್ಲಿ ಹೆಚ್ಚಾಗಿ ಕಾಣುವುದು ಇದೇ. ಈ ಎರಡನ್ನೂ ಒಂದೇ ಅಂಕದಲ್ಲಿ ಕಲಸಿಬಿಡಬೇಡಿ.

ನಡುವಿನ ಐದು ನಿಮಿಷಕ್ಕೆ ದಾರಿ ಹುಡುಕುವ ಆಟ ಇಡಿ. 2016ರಲ್ಲಿ ಬಂದ ಸೀ ಹೀರೋ ಕ್ವೆಸ್ಟ್ ಎಂಬ ದೋಣಿ ಆಟವನ್ನು 40 ಲಕ್ಷಕ್ಕೂ ಜಾಸ್ತಿ ಜನ ಆಡಿದ್ದರು. ಆಲ್ಝೈಮರ್ ಅಪಾಯ ಹೆಚ್ಚಿಸುವ ಎಪಿಒಇ4 ಜೀನ್ ಇದ್ದವರು, ಯಾವ ತೊಂದರೆಯೂ ಕಾಣದಿದ್ದಾಗಲೇ, ಅದರಲ್ಲಿ ಸುತ್ತು ದಾರಿ ಹಿಡಿಯುತ್ತಿದ್ದರು ಎಂದು 2019ರಲ್ಲಿ ಪ್ರಕಟವಾಯಿತು. ಮಾಮೂಲಿ ನೆನಪಿನ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಸಿಕ್ಕಿರಲಿಲ್ಲ. ನಮ್ಮ ಆಟದಲ್ಲಿ ಸಂತೆಯಿಂದ ಮನೆಗೆ ನಡೆದರೆ ಸಾಕು: ಅರಳಿಕಟ್ಟೆ, ಬಾವಿ, ಗುಡಿಯ ತಿರುವು. ಎಲ್ಲಿ ನಿಂತರು, ಎಲ್ಲಿ ವಾಪಸ್ ತಿರುಗಿದರು ಎಲ್ಲ ಬರೆದಿಡಿ.

ಟೈಮರ್ ತೋರಿಸಬೇಡಿ. ಸಮಯವನ್ನು ಒಳಗೇ ಅಳೆಯಿರಿ, ಸೆಕೆಂಡು ಓಡುವುದು ಕಂಡರೆ ಎಷ್ಟೋ ಜನ ಗಾಬರಿಯಾಗಿ ಫೋನ್ ಕೆಳಗಿಡುತ್ತಾರೆ. ಆಡಿ ಆಡಿ ಕೈ ಪಳಗುತ್ತದೆ, ಹಾಗಾಗಿ ಮೊದಲ ಎರಡು ಆಟ ಲೆಕ್ಕಕ್ಕೆ ಬೇಡ, ಪ್ರತಿ ಸಲ ಪಟ್ಟಿಯೂ ಬದಲಾಗಲಿ. ಹೋಲಿಕೆ ಪಕ್ಕದ ಮನೆಯವರ ಜೊತೆ ಅಲ್ಲ, ಅವರದೇ ಆರು ತಿಂಗಳ ಹಿಂದಿನ ಆಟದ ಜೊತೆ. ಕನ್ನಡಕ ಹಾಕಿದ್ದಾರಾ, ರಾತ್ರಿ ನಿದ್ದೆ ಬಂದಿತ್ತಾ ಅಂತಲೂ ಕೇಳಿಕೊಳ್ಳಿ.

ಇನ್ನು ಲೆಕ್ಕ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ ಡಿಮೆನ್ಷಿಯಾ (ನೆನಪು, ಯೋಚನೆ ಕುಗ್ಗಿ ದಿನದ ಕೆಲಸಕ್ಕೂ ಅಡ್ಡಿಯಾಗುವ ಸ್ಥಿತಿ) ಇದೆ ಎಂದು ವಯಸ್ಸಾದವರ ಕುರಿತ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿದೆ. ಅಂದರೆ 1000 ಜನರಲ್ಲಿ 74. ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ನಿಮ್ಮ ಆಟ ಶೇ 90 ಸರಿ ಅಂತಲೇ ಇಟ್ಟುಕೊಳ್ಳಿ. 67 ಜನರನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ ಸುಮಾರು 93 ಜನರನ್ನೂ ಹೆದರಿಸುತ್ತದೆ! ಅದಕ್ಕೇ ಆಟದ ಬಾಯಲ್ಲಿ ಕಾಯಿಲೆಯ ಹೆಸರು ಬರಲೇಬಾರದು. ‘ಈಚೆಗೆ ಸ್ವಲ್ಪ ವ್ಯತ್ಯಾಸ ಕಾಣುತ್ತಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ’ ಅಂದರೆ ಸಾಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆಲ್ಲ ಚಿಕಿತ್ಸೆ ಇದೆ.

ಆ ಮಾತು ಮೊದಲು ಆಡಿದವರ ಫೋನಿನಲ್ಲೇ, ದನಿಯಲ್ಲೇ ಬರಲಿ. ಮಗನಿಗೋ ಸೊಸೆಗೋ ಕಳಿಸಬೇಕಾ ಅನ್ನುವುದನ್ನು ಅವರನ್ನೇ ಕೇಳಿ, ‘ಬೇಡ’ ಅನ್ನುವ ಬಟನ್ನೂ ‘ಸರಿ’ಯಷ್ಟೇ ದೊಡ್ಡದಾಗಿರಲಿ.