ಜೇನಿನಲ್ಲಿ ನೆನೆಸಿದ ಹಣ್ಣಿನ ಪಾನಕ: ಮಾತ್ರೆ ನುಂಗುವವರಿಗೆ ಯಾವ ಹಣ್ಣು?

ಬೆಲ್ಲದ ಪಾನಕ ನಮ್ಮ ದಾವಣಗೆರೆಗೆ ಹೊಸದಲ್ಲ. ಹಣ್ಣಿನ ಹೋಳುಗಳನ್ನು ಜೇನಿನಲ್ಲಿ ನೆನೆಸಿಟ್ಟು, ಬೇಕೆನಿಸಿದಾಗ ಎರಡು ಚಮಚ ತೆಗೆದು ನೀರಿಗೆ ಬೆರೆಸುವ ಕೊರಿಯಾದ ಕ್ರಮವೂ ಅಷ್ಟೇ ಸುಲಭ. ಕಷ್ಟವಿರುವುದು ಹಣ್ಣಿನ ಆಯ್ಕೆಯಲ್ಲಿ, ಅದರಲ್ಲೂ ಮನೆಯಲ್ಲಿ ದಿನವೂ ಮಾತ್ರೆ ನುಂಗುವ ಹಿರಿಯರಿದ್ದರೆ.

ನಾಲ್ಕೈದು ಕಿತ್ತಳೆ ಅಥವಾ ಮೋಸಂಬಿಯ ಸಿಪ್ಪೆ, ಬಿಳಿ ನಾರು, ತೊಳೆಯ ಮೇಲಿನ ಪೊರೆ ಮತ್ತು ಬೀಜಗಳನ್ನು ತೆಗೆಯಿರಿ. ಇವು ಉಳಿದರೆ ವಾರದೊಳಗೆ ಇಡೀ ಜಾಡಿ ಕಹಿಯಾಗುತ್ತದೆ. ಬಿಡಿಸಿದ ತೊಳೆ 500 ಗ್ರಾಂ ಇದ್ದರೆ ಜೇನೂ 500 ಗ್ರಾಂ ಇರಲಿ. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಜಾಡಿಯಲ್ಲಿ ಒಂದು ಪದರ ಹಣ್ಣು, ಒಂದು ಪದರ ಜೇನು ಹಾಕುತ್ತ ಹೋಗಿ, ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಿ. ಜೇನು ಹಣ್ಣಿನ ರಸವನ್ನು ಹೊರಗೆಳೆದುಕೊಂಡು ತೆಳುವಾಗುತ್ತದೆ, ತೆಳುವಾದ ಜೇನು ಹುದುಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯ ಗೂಡಿನಲ್ಲಿಟ್ಟ ನನ್ನ ಮೊದಲ ಜಾಡಿ ನೊರೆಯುಕ್ಕಿ ಹಾಳಾದದ್ದು ಹೀಗೆಯೇ. ಆದ್ದರಿಂದ ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡಿ, ಒಣ ಚಮಚವನ್ನೇ ಬಳಸಿ, ಎರಡು ಮೂರು ವಾರದಲ್ಲಿ ಮುಗಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಸಕ್ಕರೆ ಕಾಯಿಲೆಯವರು ಇದನ್ನು ಸಕ್ಕರೆಯೆಂದೇ ಲೆಕ್ಕ ಹಾಕಬೇಕು.

ಇನ್ನು ಮಾತ್ರೆ ನುಂಗುವವರು ಎಚ್ಚರ ವಹಿಸಬೇಕಾದ ಹಣ್ಣು ಗ್ರೇಪ್‌ಫ್ರೂಟ್. ಹೆಸರು ಕೇಳಿ ದ್ರಾಕ್ಷಿಯೆಂದುಕೊಳ್ಳುವವರಿದ್ದಾರೆ. ಇದು ಚಕ್ಕೋತದ ಹತ್ತಿರದ ನೆಂಟ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಿಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುವಾಗ, ಮದ್ಯದ ರುಚಿ ಮರೆಮಾಚಲೆಂದು ಈ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿಯ ಪ್ರಮಾಣ ಏರಲು ಆ ರಸವೇ ಕಾರಣವೆಂಬುದು ಆಮೇಲೆ ಗೊತ್ತಾಯಿತು. 1989ರಲ್ಲಿ ಪ್ರಕಟವಾದ ಸಂಗತಿಯಿದು. ನಮ್ಮ ಕರುಳಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವವು ಹಲವು ಔಷಧಿಗಳ ಒಂದು ಪಾಲನ್ನು ರಕ್ತ ಸೇರುವ ಮುನ್ನವೇ ಒಡೆದುಹಾಕುತ್ತದೆ. ಹಣ್ಣಿನಲ್ಲಿರುವ ಫ್ಯುರಾನೊಕೌಮರಿನ್‌ಗಳೆಂಬ ಪದಾರ್ಥಗಳು ಆ ಕಿಣ್ವವನ್ನು ಕೆಡಿಸುವುದರಿಂದ, ನುಂಗಿದ್ದು ಒಂದೇ ಮಾತ್ರೆಯಾದರೂ ಮೈಗೆ ಹೆಚ್ಚು ಮಾತ್ರೆ ನುಂಗಿದಂತಾಗುತ್ತದೆ. ಹೊಸ ಕಿಣ್ವ ಹುಟ್ಟಲು ಒಂದು ದಿನಕ್ಕಿಂತ ಹೆಚ್ಚೇ ಬೇಕು. ಹಾಗಾಗಿ ‘ಬೆಳಗ್ಗೆ ಮಾತ್ರೆ, ಸಂಜೆ ಪಾನಕ’ ಎಂಬ ಉಪಾಯ ನಡೆಯದು. ಜೇನಿನಲ್ಲಿ ನೆನೆಸಿದರೂ, ಬಿಸಿನೀರಿಗೆ ಹಾಕಿದರೂ ಈ ಗುಣ ಹೋಗುವುದಿಲ್ಲ.

ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್ ಮತ್ತು ಅಟೋರ್ವಾಸ್ಟಾಟಿನ್, ರಕ್ತದೊತ್ತಡದ ನಿಫೆಡಿಪಿನ್, ಮೂತ್ರಪಿಂಡ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಈ ಪಟ್ಟಿಯಲ್ಲಿವೆ. ಎಲ್ಲ ಸ್ಟಾಟಿನ್‌ಗಳೂ ಹೀಗಲ್ಲ. ರೋಸುವಾಸ್ಟಾಟಿನ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ಅಲರ್ಜಿಯ ಫೆಕ್ಸೊಫೆನಡಿನ್ ವಿಷಯದಲ್ಲಿ ಆಗುವುದು ತದ್ವಿರುದ್ಧ: ಔಷಧಿ ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಮಾತ್ರೆಯ ಪಟ್ಟಿಯ ಮೇಲಿನ ಕಂಪನಿಯ ಹೆಸರನ್ನಲ್ಲ, ಔಷಧಿಯ ಮೂಲ ಹೆಸರನ್ನು ಓದಿ ವೈದ್ಯರನ್ನು ಕೇಳಬೇಕು. ತಾವಾಗಿಯೇ ಮಾತ್ರೆ ಬಿಡಬಾರದು.

ಗ್ರೇಪ್‌ಫ್ರೂಟ್ ನಮ್ಮ ಸಂತೆಯಲ್ಲಿ ಅಪರೂಪ, ಚಕ್ಕೋತ ಹಾಗಲ್ಲ. ಚಕ್ಕೋತದಲ್ಲೂ, ಮಾರ್ಮಲೇಡ್ ಮಾಡುವ ಸೆವಿಲ್ ಕಹಿ ಕಿತ್ತಳೆಯಲ್ಲೂ ಇವೇ ಪದಾರ್ಥಗಳಿವೆ. ಮನೆಯ ಉಳಿದವರಿಗಾಗಿ ಚಕ್ಕೋತದ ಜಾಡಿಯನ್ನೂ ಮಾಡುವುದಾದರೆ ಮುಚ್ಚಳದ ಮೇಲೆ ಹಣ್ಣಿನ ಹೆಸರು ಮತ್ತು ತಾರೀಖು ಬರೆದು ಅಂಟಿಸಿ, ಏಕೆಂದರೆ ಜೇನಿನಲ್ಲಿ ನೆನೆದ ಮೇಲೆ ಮೋಸಂಬಿಯ ತೊಳೆ ಯಾವುದು, ಚಕ್ಕೋತದ ತೊಳೆ ಯಾವುದು ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ.